ಸೇತುವೆಗೂ ಮುಪ್ಪು ಬರುತ್ತದೆ. ಅದನ್ನು ಅಳೆಯುವ ಬಗೆ ಯಾವುದು?

2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡದ ಬಳಿ ಸಾವಿತ್ರಿ ನದಿ ಉಕ್ಕಿ ಹರಿಯುತ್ತಿತ್ತು. ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಆ ನದಿಗೆ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆಯೊಂದಿತ್ತು. ಪಕ್ಕದಲ್ಲಿ ಹೊಸ ಸೇತುವೆ ಬಂದಿದ್ದರೂ ಹಳೆಯದರ ಮೇಲೆ ಒಂದು ದಿಕ್ಕಿನ ಸಂಚಾರ ನಡೆದೇ ಇತ್ತು. ಆ ರಾತ್ರಿ ಹಳೆಯ ಸೇತುವೆ ಕುಸಿಯಿತು. ರಾಜ್ಯ ಸಾರಿಗೆಯ ಎರಡು ಬಸ್ಸುಗಳೂ ಒಂದು ಖಾಸಗಿ ವಾಹನವೂ ಪ್ರವಾಹದಲ್ಲಿ ಕೊಚ್ಚಿಹೋದವು. ಸುಮಾರು ನಲವತ್ತು ಜನ ಪ್ರಾಣ ಕಳೆದುಕೊಂಡರು.

ದುರಂತದ ಮರುದಿನಗಳಲ್ಲಿ ಹೊರಬಂದ ಒಂದು ಸಂಗತಿ ಇಂದಿಗೂ ಆಲೋಚನೆಗೆ ಹಚ್ಚುವಂಥದ್ದು. ಅದೇ ವರ್ಷದ ಮೇ ತಿಂಗಳಲ್ಲಿ ಆ ಸೇತುವೆಯ ತಪಾಸಣೆ ನಡೆದಿತ್ತು. ಸಂಚಾರಕ್ಕೆ ಅಪಾಯವಿಲ್ಲವೆಂದು ವರದಿಯೂ ಆಗಿತ್ತು. ಮೂರು ತಿಂಗಳು ತುಂಬುವ ಮೊದಲೇ ಸೇತುವೆ ನದಿಯ ಪಾಲಾಯಿತು. ತಪಾಸಣೆ ನಡೆಸಿದವರು ಸುಳ್ಳು ಹೇಳಿದರೆಂದು ಭಾವಿಸಬೇಕಾಗಿಲ್ಲ. ಅವರು ಕಂಡದ್ದನ್ನೇ ಬರೆದಿರಬಹುದು. ಆದರೆ ಸೇತುವೆಯ ಬಲವನ್ನು ನಿರ್ಧರಿಸುವ ಭಾಗಗಳಲ್ಲಿ ಬಹುಪಾಲು ಮೇಲಿನಿಂದ ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ಭಾಗವನ್ನು ಕಾಣುವ ಬಗೆ ಹೇಗೆ, ಕಾಣದೆ ಉಳಿದರೆ ಆಗುವುದೇನು ಎಂಬುದೇ ಸೇತುವೆಗಳ ವಿಶ್ವಾಸಾರ್ಹತೆಯ ಅಧ್ಯಯನದ ತಿರುಳು.

ವಯಸ್ಸೊಂದೇ ಅಳತೆಗೋಲಲ್ಲ

ಹಳೆಯ ಸೇತುವೆ ಬಿದ್ದಾಗಲೆಲ್ಲ ‘ಅದಕ್ಕೆ ವಯಸ್ಸಾಗಿತ್ತು’ ಎಂಬ ಮಾತು ಕೇಳಿಬರುತ್ತದೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. 2001ರ ಜೂನ್ 22ರಂದು ಕೇರಳದ ಕಡಲುಂಡಿಯಲ್ಲಿ ಮಂಗಳೂರು–ಚೆನ್ನೈ ಮೇಲ್ ಗಾಡಿಯ ಬೋಗಿಗಳು ಹೊಳೆಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಮಡಿದರು. ಕಾಸರಗೋಡಿನ ಮನೆಗಳಿಗೆ ದಿನನಿತ್ಯದ ಪರಿಚಯವಿದ್ದ ಗಾಡಿ ಅದು. ಅಲ್ಲಿನ ರೈಲು ಸೇತುವೆ ಶತಮಾನಕ್ಕೂ ಹಳೆಯದಾಗಿತ್ತು, ನಿಜ. ಆದರೆ 1804ರ ಸುಮಾರಿಗೆ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಎರಡು ಶತಮಾನಗಳ ನೆರೆಯನ್ನು ಕಂಡಿವೆ. ಇದಕ್ಕೆ ವಿರುದ್ಧವಾಗಿ, ಗೋವೆಯನ್ನೂ ಕಾರವಾರವನ್ನೂ ಬೆಸೆಯುವ ಹೆದ್ದಾರಿಯಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಾಗ ಅದಕ್ಕೆ ಆಗಿದ್ದುದು ನಾಲ್ಕು ದಶಕಗಳಷ್ಟೇ. ಅದರೊಂದಿಗೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಸಹಿತ ಮೇಲೆತ್ತಲಾಯಿತು. ಪಣಜಿಯಲ್ಲಿ ಮಾಂಡೋವಿ ನದಿಯ ಮೊದಲ ಸೇತುವೆಗಂತೂ 1986ರ ಜುಲೈ 5ರಂದು ಬಿದ್ದಾಗ ಎರಡು ದಶಕವೂ ತುಂಬಿರಲಿಲ್ಲ.

ಹಾಗಾದರೆ ಸೇತುವೆಯನ್ನು ಸವೆಸುವುದು ವರ್ಷಗಳಲ್ಲ. ಆ ವರ್ಷಗಳಲ್ಲಿ ಅದರ ಮೇಲೆ, ಒಳಗೆ ಮತ್ತು ಅಡಿಯಲ್ಲಿ ನಡೆಯುವ ವ್ಯಾಪಾರಗಳು.

ಮುಪ್ಪು ಎಲ್ಲಿಂದ ಪ್ರವೇಶಿಸುತ್ತದೆ?

ಮೊದಲನೆಯದು ನೀರಿನ ಅಡಿಯ ಕೊರೆತ. ಹರಿವ ನೀರು ಕಂಬಕ್ಕೆ ಬಡಿದಾಗ ಕೆಳಮುಖವಾಗಿ ತಿರುಗಿ ಸುಳಿಯಾಗುತ್ತದೆ. ಆ ಸುಳಿ ಕಂಬದ ಬುಡದ ಮರಳನ್ನೂ ಮಣ್ಣನ್ನೂ ತೋಡಿ ಒಯ್ಯುತ್ತದೆ. ನೆರೆ ಏರಿದಷ್ಟೂ ಗುಂಡಿ ಆಳವಾಗುತ್ತದೆ. ವಿಚಿತ್ರವೆಂದರೆ, ನೆರೆ ಇಳಿಯುವಾಗ ಅದೇ ನೀರು ತಂದ ಹೂಳು ಗುಂಡಿಯನ್ನು ಮತ್ತೆ ತುಂಬಿಬಿಡುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವನಿಗೆ ನದಿಯ ತಳ ಸಮತಟ್ಟಾಗಿಯೇ ಕಾಣುತ್ತದೆ. ಆದರೆ ಹೊಸದಾಗಿ ಕೂತ ಸಡಿಲ ಹೂಳಿಗೆ ಹಳೆಯ ಗಟ್ಟಿನೆಲದ ತಾಳಿಕೆಯಿರದು. ಮುಂದಿನ ನೆರೆಯಲ್ಲಿ ಅದು ಮೊದಲು ಕರಗಿಹೋಗುತ್ತದೆ. ಮೇ ತಿಂಗಳ ತಪಾಸಣೆ ಮಳೆಗಾಲಕ್ಕೆ ಸಾಕ್ಷಿಯಾಗಲಾರದು ಎಂಬುದಕ್ಕೆ ಕಾರಣ ಇದೇ. ಸೇತುವೆಯ ಆಸುಪಾಸಿನಲ್ಲಿ ಮರಳು ತೆಗೆದರೆ ನದಿಯ ತಳವೇ ಕೆಳಗಿಳಿದು, ಕೊರೆತದ ಕೆಲಸ ಮತ್ತಷ್ಟು ಸುಲಭವಾಗುತ್ತದೆ.

ಎರಡನೆಯದು ತುಕ್ಕು. ಹೊಸ ಕಾಂಕ್ರೀಟು ಬಲವಾದ ಕ್ಷಾರ. ಅದರೊಳಗಿನ ಕಬ್ಬಿಣದ ಸರಳಿನ ಮೇಲೆ ಈ ಕ್ಷಾರಗುಣದಿಂದಲೇ ತೆಳುವಾದ ರಕ್ಷಾಪೊರೆ ಕಟ್ಟಿಕೊಂಡಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷವರ್ಷವೂ ಒಂದಿಷ್ಟು ಒಳಗಿಳಿದು ಕ್ಷಾರವನ್ನು ತಗ್ಗಿಸುತ್ತದೆ. ಕರಾವಳಿಯಲ್ಲಾದರೆ ಗಾಳಿಯಲ್ಲಿ ಬರುವ ಉಪ್ಪಿನ ಕ್ಲೋರೈಡು ಪೊರೆಯನ್ನು ನೇರವಾಗಿಯೇ ಒಡೆಯುತ್ತದೆ. ಪೊರೆ ಹೋದ ಮೇಲೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಮತ್ತೆ ನೀರಿಳಿಯುತ್ತದೆ.

ಸಾಮಾನ್ಯ ಸರಳಿಗೆ ತುಕ್ಕು ಹಿಡಿದರೆ ಬಿರುಕು, ಕಂದುಕಲೆ, ಉದುರುವ ಗಾರೆಯಂತಹ ಮುನ್ಸೂಚನೆಗಳು ಸಿಗುತ್ತವೆ. ಪೂರ್ವಬಿಗಿತದ ಕಾಂಕ್ರೀಟಿನಲ್ಲಿ, ಅಂದರೆ ಉಕ್ಕಿನ ತಂತಿಗಳನ್ನು ಜಗ್ಗಿ ಬಿಗಿದು ಕಟ್ಟಿದ ಸೇತುವೆಯಲ್ಲಿ, ಈ ಸೌಲಭ್ಯವಿಲ್ಲ. ತಂತಿಗಳು ಕೊಳವೆಯೊಳಗೆ ಅಡಗಿರುತ್ತವೆ, ತೆಳ್ಳಗಿರುತ್ತವೆ, ಸದಾ ಬಿಗಿತದಲ್ಲಿರುತ್ತವೆ. ಒಂದೊಂದೇ ತಂತಿ ಸದ್ದಿಲ್ಲದೆ ಕಡಿದುಹೋಗುತ್ತದೆ. ಮಾಂಡೋವಿ ಸೇತುವೆಯನ್ನು ಕೆಡವಿದ್ದು ಇಂತಹ ತಂತಿಗಳ ತುಕ್ಕೇ.

ಮೂರನೆಯದು ಹೊರೆ. ಸೇತುವೆ ಕಟ್ಟಿದಾಗ ಓಡಾಡುತ್ತಿದ್ದ ವಾಹನಗಳು ಇಂದಿನವಲ್ಲ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಸರಕು ವಾಹನಗಳ ಭಾರಮಿತಿಯನ್ನು ಏರಿಸಿತು. ನಾಲ್ಕು ಚಕ್ರಗಳ ಒಂದು ಅಚ್ಚಿನ ಮೇಲಿನ ಮಿತಿ 10.2 ಟನ್ನಿನಿಂದ 11.5 ಟನ್ನಿಗೆ ಹೋಯಿತು. ಕಾನೂನಿನ ಪುಟದಲ್ಲಿ ಅಂಕಿ ಬದಲಾದ ದಿನವೇ ಹಳೆಯ ಸೇತುವೆಯ ಸರಳು ದಪ್ಪವಾಗುವುದಿಲ್ಲ. ಇದಲ್ಲದೆ ಲಕ್ಷಾಂತರ ಬಾರಿ ಹೊರೆ ಏರಿ ಇಳಿಯುವುದರಿಂದ ಉಕ್ಕಿನಲ್ಲಿ ದಣಿವಿನ ಬಿರುಕುಗಳು ಹುಟ್ಟುತ್ತವೆ. ತೂಬು ಕಟ್ಟಿಕೊಂಡು ನಿಂತ ಮಳೆನೀರು, ಬಾಯಿ ತೆರೆದ ಜಾಯಿಂಟು, ಜಡವಾದ ಬೇರಿಂಗ್ ಇವು ಸಣ್ಣ ದೋಷಗಳಂತೆ ಕಂಡರೂ ಮೇಲಿನ ಎಲ್ಲ ರೋಗಗಳಿಗೂ ಬಾಗಿಲು ತೆರೆಯುವಂಥವು.

ವಿಶ್ವಾಸಾರ್ಹತೆಯ ಲೆಕ್ಕ

‘ಸೇತುವೆ ಗಟ್ಟಿಯಾಗಿದೆಯೇ?’ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಉತ್ತರವನ್ನು ವಿಜ್ಞಾನ ಕೊಡುವುದಿಲ್ಲ. ಅದು ಕೊಡುವುದು ಸಂಭವನೀಯತೆಯನ್ನು. ಲೆಕ್ಕ ಪ್ರೌಢಶಾಲೆಯ ಮಕ್ಕಳಿಗೆ ಎಟುಕುವಂಥದ್ದೇ ಆಗಿದೆ.

ಒಂದು ಕಲ್ಪಿತ ಸೇತುವೆಯನ್ನು ತೆಗೆದುಕೊಳ್ಳೋಣ. ಅದರ ಬಲ ಸರಾಸರಿ 100 ಮಾನ. ಅದರ ಮೇಲೆ ಬರಬಹುದಾದ ಗರಿಷ್ಠ ಹೊರೆ ಸರಾಸರಿ 60 ಮಾನ. ಇವೆರಡರ ಅಂತರವಾದ 40 ಸುರಕ್ಷೆಯ ಅಂಚು. ಆದರೆ ಬಲವೂ ಹೊರೆಯೂ ನಿಖರ ಸಂಖ್ಯೆಗಳಲ್ಲ. ಸರಾಸರಿಯ ಆಚೆ ಈಚೆ ಹರಡಿಕೊಂಡಿರುತ್ತವೆ. ಈ ಹರವಿಗೆ ಗಣಿತದಲ್ಲಿ ಮಾನಕ ವಿಚಲನೆ ಎಂದು ಹೆಸರು. ಬಲದ ವಿಚಲನೆ 8, ಹೊರೆಯದು 6 ಎಂದಿಟ್ಟುಕೊಂಡರೆ, ಲಂಬಕೋನ ತ್ರಿಭುಜದ 6, 8, 10ರಂತೆ, ಎರಡೂ ಸೇರಿದ ವಿಚಲನೆ 10 ಆಗುತ್ತದೆ. ಅಂಚು 40ನ್ನು 10ರಿಂದ ಭಾಗಿಸಿದರೆ 4. ಇದೇ ವಿಶ್ವಾಸಾರ್ಹತೆಯ ಸೂಚ್ಯಂಕ. ಸಹಜ ವಿತರಣೆಯ ಕೋಷ್ಟಕದ ಪ್ರಕಾರ ಸೂಚ್ಯಂಕ 4 ಇದ್ದರೆ ಸೋಲುವ ಸಂಭವ ಸುಮಾರು 31,500ರಲ್ಲಿ ಒಂದು.

ವರ್ಷಗಳು ಕಳೆದವು. ತುಕ್ಕಿನಿಂದ ಬಲ 92ಕ್ಕೆ ಇಳಿಯಿತು. ಭಾರವಾದ ಲಾರಿಗಳಿಂದ ಹೊರೆ 62ಕ್ಕೆ ಏರಿತು. ಎರಡೂ ಅಲ್ಪ ಬದಲಾವಣೆಗಳು. ಅಂಚು 30ಕ್ಕೆ, ಸೂಚ್ಯಂಕ 3ಕ್ಕೆ ಇಳಿಯುತ್ತದೆ. ಸೋಲುವ ಸಂಭವ ಈಗ ಸುಮಾರು 740ರಲ್ಲಿ ಒಂದು. ಬಲದಲ್ಲಿ ನೂರಕ್ಕೆ ಎಂಟರಷ್ಟು ಇಳಿಕೆಯಾಯಿತು. ಅಪಾಯ ಮಾತ್ರ ನಲವತ್ತು ಪಟ್ಟಿಗೂ ಮೀರಿ ಏರಿತು. ಹೊರನೋಟಕ್ಕೆ ಸೇತುವೆ ನಿನ್ನೆಯಂತೆಯೇ ಇರುತ್ತದೆ.

ಇನ್ನೊಂದು ಹೆಜ್ಜೆ ಮುಂದಿಡೋಣ. ಬಲದ ಸರಾಸರಿ 92 ಎಂದೇ ಇರಲಿ, ಆದರೆ ಹಲವು ವರ್ಷಗಳಿಂದ ಯಾರೂ ಸೇತುವೆಯನ್ನು ಸರಿಯಾಗಿ ಪರೀಕ್ಷಿಸಿಲ್ಲ. ಒಳಗೆ ತುಕ್ಕು ಎಷ್ಟು, ಬುಡದಲ್ಲಿ ಕೊರೆತ ಎಷ್ಟು ಎಂಬುದು ತಿಳಿಯದು. ಆಗ ಬಲದ ವಿಚಲನೆಯನ್ನು 8 ಎನ್ನುವಂತಿಲ್ಲ. 14 ಎಂದು ಹಿಡಿಯಬೇಕಾದೀತು. ಸೂಚ್ಯಂಕ ಸುಮಾರು 2ಕ್ಕೆ ಕುಸಿಯುತ್ತದೆ, ಸೋಲುವ ಸಂಭವ ಸುಮಾರು 40ರಲ್ಲಿ ಒಂದಾಗುತ್ತದೆ. ಇಲ್ಲಿ ಒಂದು ಸರಳೂ ಹೆಚ್ಚಾಗಿ ತುಕ್ಕು ಹಿಡಿದಿಲ್ಲ. ಹೆಚ್ಚಿರುವುದು ಅಜ್ಞಾನ ಮಾತ್ರ. ಮಾಹಿತಿಯ ಕೊರತೆಯೇ ಒಂದು ದೌರ್ಬಲ್ಯವೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ದುರಸ್ತಿಗೆ ಮುನ್ನವೇ, ಒಳ್ಳೆಯ ತಪಾಸಣೆಯೊಂದು ಸೇತುವೆಯ ಮೇಲಿನ ಭರವಸೆಗೆ ಆಧಾರ ಕೊಡುತ್ತದೆ. ಇಲ್ಲವೆ, ಭರವಸೆಗೆ ಆಧಾರವಿಲ್ಲವೆಂದು ಸಕಾಲದಲ್ಲಿ ತಿಳಿಸುತ್ತದೆ.

ಸಾಕ್ಷ್ಯ ಸಂಗ್ರಹ

ಭಾರತೀಯ ರಸ್ತೆ ಕಾಂಗ್ರೆಸ್ ಪ್ರಕಟಿಸಿರುವ ಮಾರ್ಗಸೂಚಿಗಳು ತಪಾಸಣೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ: ವಾಡಿಕೆಯದು, ಪ್ರಧಾನವಾದದ್ದು, ವಿಶೇಷವಾದದ್ದು. ವಾಡಿಕೆಯ ತಪಾಸಣೆ ಕಣ್ಣಳತೆಯದು. ಪ್ರಧಾನ ತಪಾಸಣೆಯಲ್ಲಿ ಪ್ರತಿ ಭಾಗದ ಹತ್ತಿರ ಹೋಗಿ, ಮುಟ್ಟಿ, ತಟ್ಟಿ ನೋಡಬೇಕು. ದೊಡ್ಡ ನೆರೆ, ಭೂಕಂಪ, ಅಪಘಾತಗಳ ನಂತರ ನಡೆಯಬೇಕಾದದ್ದು ವಿಶೇಷ ತಪಾಸಣೆ.

ಸಂಶಯ ಬಂದಲ್ಲಿ ಉಪಕರಣಗಳು ನೆರವಿಗೆ ಬರುತ್ತವೆ. ಕಾಂಕ್ರೀಟಿನೊಳಗೆ ಶ್ರವಣಾತೀತ ತರಂಗವನ್ನು ಹಾಯಿಸಿ ವೇಗ ಅಳೆಯುತ್ತಾರೆ. ವೇಗ ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ಹೆಚ್ಚಿದ್ದರೆ ಕಾಂಕ್ರೀಟು ಅತ್ಯುತ್ತಮ, 3ಕ್ಕಿಂತ ಕಡಿಮೆಯಿದ್ದರೆ ಸಂಶಯಾಸ್ಪದ. ಸರಳಿನ ವಿದ್ಯುತ್ ವಿಭವವನ್ನು ಅಳೆದು ತುಕ್ಕಿನ ಸಂಭವವನ್ನು ಊಹಿಸುತ್ತಾರೆ. ಶಾಲೆಯ ಪ್ರಯೋಗಾಲಯದಲ್ಲಿ ಆಮ್ಲ–ಪ್ರತ್ಯಾಮ್ಲ ಪರೀಕ್ಷೆಗೆ ಬಳಸುವ ಫೀನಾಲ್ಫ್‌ಥಲೀನ್ ದ್ರಾವಣವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಗತಾನೇ ಒಡೆದ ಕಾಂಕ್ರೀಟಿನ ಮೇಲೆ ಅದನ್ನು ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗುಲಾಬಿ ಬಣ್ಣ ತಾಳುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣವಿಲ್ಲದ ಪಟ್ಟಿ ಸರಳಿನವರೆಗೆ ತಲುಪಿದೆಯೇ ಎಂಬುದೇ ಪ್ರಶ್ನೆ. ಕಂಬದ ಬುಡಕ್ಕೆ ಮುಳುಗುಗಾರರನ್ನು ಇಳಿಸಬೇಕು, ಇಲ್ಲವೇ ಶಬ್ದತರಂಗದಿಂದ ತಳದ ಆಳ ಅಳೆಯಬೇಕು.

ಕೊನೆಯದು ಭಾರಪರೀಕ್ಷೆ. ಲೆಕ್ಕ ಹಾಕಿದ ಭಾರವನ್ನು ಹಂತಹಂತವಾಗಿ ಏರಿಸಿ, 24 ಗಂಟೆ ಇರಿಸಿ, ಇಳಿಸಿ, ಬಾಗಿದ ಸೇತುವೆ ಎಷ್ಟು ಮರಳಿ ಏಳುತ್ತದೆ ಎಂದು ನೋಡುತ್ತಾರೆ. ಸಾಮಾನ್ಯ ಸರಳುಕಾಂಕ್ರೀಟಿಗೆ ಕನಿಷ್ಠ ನೂರಕ್ಕೆ 75, ಪೂರ್ವಬಿಗಿತದ ಕಾಂಕ್ರೀಟಿಗೆ 85ರಷ್ಟು ಚೇತರಿಕೆ ಬೇಕು.

ಈ ಪರೀಕ್ಷೆಗೂ ಮಿತಿಯಿದೆಯೆಂಬುದನ್ನು ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆಯ ಪ್ರಕರಣ ಮುನ್ನೆಲೆಗೆ ತಂದಿತು. 2016ರ ಅಕ್ಟೋಬರಿನಲ್ಲಿ ತೆರೆದ ಆ ಮೇಲ್ಸೇತುವೆಯನ್ನು ಬಿರುಕುಗಳ ಕಾರಣದಿಂದ 2019ರ ಮೇ ತಿಂಗಳಲ್ಲಿ ಮುಚ್ಚಬೇಕಾಯಿತು. ಮೇಲ್ಭಾಗವನ್ನು ಕಳಚಿ ಮರಳಿ ಕಟ್ಟಬೇಕೆಂದು ಇ. ಶ್ರೀಧರನ್ ಸಲಹೆಯಿತ್ತರು. ಮೊದಲು ಭಾರಪರೀಕ್ಷೆ ನಡೆಯಲೆಂದು ಕೇರಳ ಉಚ್ಚ ನ್ಯಾಯಾಲಯ ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2020ರ ಸೆಪ್ಟೆಂಬರಿನಲ್ಲಿ ಅದು, ಭಾರಪರೀಕ್ಷೆಗೆ ಕಾಯದೆ ಮುಂದುವರಿಯಲು ಸರ್ಕಾರಕ್ಕೆ ಅವಕಾಶ ಕೊಟ್ಟಿತು. ಮರಳಿ ಕಟ್ಟಿದ ಮೇಲ್ಸೇತುವೆ 2021ರ ಮಾರ್ಚಿನಲ್ಲಿ ತೆರೆಯಿತು. ಒಂದು ದಿನ ಹೊತ್ತು ನಿಂತ ಭಾರ ಆ ದಿನದ ಬಲಕ್ಕೆ ಪ್ರಮಾಣ. ಬಿರುಕಿನಲ್ಲಿ ನೀರಿಳಿಯುತ್ತಿರುವ ಸೇತುವೆ ಹತ್ತು ವರ್ಷಗಳ ಅನಂತರ ಹೇಗಿರುತ್ತದೆ ಎಂಬುದಕ್ಕೆ ಅದು ಉತ್ತರವಲ್ಲ.

ಹೊರಮೆರುಗನ್ನು ಬಲವೆಂದು ಭ್ರಮಿಸಿದರೆ ಆಗುವುದೇನೆಂಬುದಕ್ಕೆ ಗುಜರಾತಿನ ಮೋರ್ಬಿಯೇ ಸಾಕು. ದುರಸ್ತಿಯಾಯಿತೆಂದು ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಅಲ್ಲಿನ ತೂಗುಸೇತುವೆ ಹರಿದು 135 ಜನ ಮಡಿದರು. ವಿಶೇಷ ತನಿಖಾ ತಂಡ ನೋಡಿದಾಗ ಮುಖ್ಯ ಹಗ್ಗದ 49 ಎಳೆಗಳಲ್ಲಿ 22 ಎಳೆಗಳು ಮೊದಲೇ ತುಕ್ಕು ತಿಂದಿದ್ದವು. ನಡೆಯುವ ಹಾಸು ಹೊಸದಾಗಿತ್ತು, ಹಗ್ಗ ಹಳೆಯದೇ ಆಗಿತ್ತು.

ಸಕಾಲದಲ್ಲಿ ನಿವೃತ್ತಿ

ಎಲ್ಲ ಕಥೆಗಳೂ ದುರಂತಗಳಲ್ಲ. 1914ರಲ್ಲಿ ತೆರೆದ ರಾಮೇಶ್ವರದ ಪಂಬನ್ ರೈಲು ಸೇತುವೆ ಸಮುದ್ರದ ಉಪ್ಪುಗಾಳಿಯ ನಡುವೆಯೇ ಶತಮಾನ ಕಳೆಯಿತು. ಅದರ ಮೇಲೆ ಕಂಪನ–ಒತ್ತಡಗಳನ್ನು ಅಳೆಯುವ ಸಂವೇದಕಗಳನ್ನು ಅಳವಡಿಸಲಾಗಿತ್ತು. 2022ರ ಡಿಸೆಂಬರಿನಲ್ಲಿ ಅಪಾಯದ ಸೂಚನೆ ಬಂದಾಗ ರೈಲು ಸಂಚಾರವನ್ನು ನಿಲ್ಲಿಸಿದರು. ಯಾತ್ರಿಕರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ತೊಂದರೆಯಾಯಿತು. 2025ರ ಏಪ್ರಿಲಿನಲ್ಲಿ ಪಕ್ಕದ ಹೊಸ ಸೇತುವೆ ತೆರೆಯಿತು. ರಾಜಮಹೇಂದ್ರವರಂನಲ್ಲಿ ಗೋದಾವರಿಯ ಹ್ಯಾವ್‌ಲಾಕ್ ರೈಲು ಸೇತುವೆಯೂ 1900ರಿಂದ 1997ರವರೆಗೆ ಸೇವೆ ಸಲ್ಲಿಸಿ ವಿಶ್ರಾಂತಿ ಪಡೆಯಿತು. ಸೇತುವೆಯನ್ನು ಮುಚ್ಚಿದ ದಿನ ಜನ ಶಪಿಸುವುದು ಸಹಜ. ಆದರೆ ಮುಚ್ಚುವ ನಿರ್ಧಾರವೂ ಒಂದು ರಕ್ಷಣೆಯೇ.

ನಾಗರಿಕನ ಕೈಯಲ್ಲಿರುವ ಸಾಧನಗಳು

ಸಾವಿತ್ರಿ ದುರಂತದ ನಂತರ, 2016ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆಯನ್ನು ಆರಂಭಿಸಿತು. ಲಕ್ಷಕ್ಕೂ ಹೆಚ್ಚು ಸೇತುವೆಗಳ ಪಟ್ಟಿ ಸಿದ್ಧವಾಗಿ, 147 ಸೇತುವೆಗಳಿಗೆ ತಕ್ಷಣದ ಗಮನ ಬೇಕೆಂದು ಗುರುತಿಸಲಾಯಿತು. ಇದು ಮುಖ್ಯವಾಗಿ ರಾಷ್ಟ್ರೀಯ ಹೆದ್ದಾರಿಗಳ ಕಥೆ. ಮಕ್ಕಳು ಶಾಲೆಗೆ ನಡೆದು ಹೋಗುವ, ಶಾಲೆಯ ವಾಹನ ದಿನಕ್ಕೆರಡು ಬಾರಿ ದಾಟುವ ಹಳ್ಳಿಯ ಸೇತುವೆ, ಕಾಲುಸಂಕಗಳು ಲೋಕೋಪಯೋಗಿ ಇಲಾಖೆಯ ಅಥವಾ ಸ್ಥಳೀಯ ಸಂಸ್ಥೆಗಳ ಸುಪರ್ದಿಯಲ್ಲಿವೆ. ಅವುಗಳ ಸ್ಥಿತಿ ತಿಳಿಯಬೇಕಾದರೆ ಊರವರೇ ಕೇಳಬೇಕಾದೀತು.

ಕೇಳುವ ಹಕ್ಕನ್ನು ಕಾನೂನು ಕೊಟ್ಟಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ‘ಮಾಹಿತಿಯ ಹಕ್ಕು’ ಎಂದರೆ ಕಾಗದಪತ್ರ ಪಡೆಯುವುದಷ್ಟೇ ಅಲ್ಲ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕೂ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿ ಸೇರಿದೆ. ಉತ್ತರಕ್ಕೆ ಸಾಮಾನ್ಯ ಅವಧಿ 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆ. ಕೇಳಬೇಕಾದ ಪ್ರಶ್ನೆಗಳು ಐದಾರು ಮಾತ್ರ: ಸೇತುವೆ ಕಟ್ಟಿದ ವರ್ಷ ಯಾವುದು, ಯಾವ ಭಾರಕ್ಕೆ ವಿನ್ಯಾಸಗೊಂಡಿದೆ, ಕೊನೆಯ ತಪಾಸಣೆ ಎಂದು ನಡೆಯಿತು, ಅದು ಯಾವ ಬಗೆಯದು, ನೀರಿನ ಅಡಿಯ ಭಾಗವನ್ನು ನೋಡಲಾಗಿದೆಯೇ, ತಪಾಸಣೆಯಲ್ಲಿ ಸೂಚಿಸಿದ ದುರಸ್ತಿ ಮುಗಿದಿದೆಯೇ? ‘ಸೇತುವೆ ಸುರಕ್ಷಿತವೇ?’ ಎಂದು ಕೇಳಿದರೆ ಒಂದು ಪದದ ಉತ್ತರ ಬರುತ್ತದೆ. ಹೀಗೆ ಕೇಳಿದರೆ ದಾಖಲೆಯನ್ನೇ ತೋರಿಸಬೇಕಾಗುತ್ತದೆ.

ಗಡಿಯಾಚೆಯ ಕನ್ನಡಿಗರಿಗೆ ಸಂವಿಧಾನದ 350ನೆಯ ವಿಧಿ ವಿಶೇಷವಾಗಿ ಉಪಯುಕ್ತ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸಬಹುದೆಂದು ಅದು ಹೇಳುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಬೇಕಾದರೂ, ‘ನಮ್ಮ ಸಂಕ ಬಿರುಕು ಬಿಟ್ಟಿದೆ’ ಎಂಬ ಮನವಿಯನ್ನು ಕನ್ನಡದಲ್ಲೇ ಬರೆಯಲು ಅಡ್ಡಿಯಿಲ್ಲ. ಕುಸಿಯುವಂತಿರುವ ಕಟ್ಟಡದಿಂದ ಜನರಿಗೆ ಅಪಾಯವಿದ್ದಲ್ಲಿ ಷರತ್ತಿನ ಆದೇಶ ಹೊರಡಿಸುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೆಯ ಕಲಮಾಗಿತ್ತು. ಆ ಕಲಮಿನಡಿ ಬಂದ ರತ್ಲಾಂ ಪುರಸಭೆಯ ಪ್ರಕರಣದಲ್ಲಿ, 1980ರಲ್ಲಿ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಹಣವಿಲ್ಲವೆಂಬ ನೆವದಿಂದ ಸ್ಥಳೀಯ ಸಂಸ್ಥೆ ತನ್ನ ಶಾಸನಬದ್ಧ ಕರ್ತವ್ಯದಿಂದ ನುಣುಚಿಕೊಳ್ಳಲಾಗದೆಂದು ತೀರ್ಪಿತ್ತಿದ್ದರು. ಅಂದಿನ ವಿಷಯ ಚರಂಡಿಯದು. ತತ್ತ್ವ ಸಂಕಕ್ಕೂ ಅನ್ವಯಿಸುವಂಥದ್ದು.

ಊರವರಿಗೂ ಕರ್ತವ್ಯವಿದೆ. ಭಾರಮಿತಿಯ ಫಲಕವಿದ್ದಲ್ಲಿ ಮರಳಿನ ಲಾರಿ, ಕಲ್ಲಿನ ಲಾರಿ ದಾಟುವುದನ್ನು ಕಂಡೂ ಸುಮ್ಮನಿರಬಾರದು. ಕಂಬದ ಬುಡದಲ್ಲಿ ಮರಳು ತೆಗೆಯುವವರು ಪರಿಚಿತರಾದರೂ ದೂರು ಕೊಡಬೇಕು. ನೆರೆ ಇಳಿದ ಮೇಲೆ ಕೈಪಿಡಿಯ ಗೆರೆ ಓರೆಯಾಗಿದೆಯೇ, ಜಾಯಿಂಟಿನ ಎರಡು ಬದಿ ಏರುಪೇರಾಗಿದೆಯೇ, ಕೂಡುರಸ್ತೆ ಕುಸಿದಿದೆಯೇ ಎಂಬುದನ್ನು ದಿನವೂ ದಾಟುವ ಮಕ್ಕಳು ಅಧಿಕಾರಿಗಿಂತ ಮೊದಲು ಗಮನಿಸಬಲ್ಲರು. ದಿನಾಂಕ ಹಾಕಿ ತೆಗೆದ ಒಂದು ಚಿತ್ರ ಮುಂದೆ ಸಾಕ್ಷ್ಯವಾದೀತು. ಶಾಲೆಯ ರಕ್ಷಕ–ಶಿಕ್ಷಕ ಸಂಘದ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಟ್ಟು, ಮನವಿಯೊಂದನ್ನು ಬರೆದು ಎಲ್ಲರೂ ಸಹಿ ಹಾಕುವುದು ಕಷ್ಟದ ಕೆಲಸವಲ್ಲ.

ಮಹಾಡದಲ್ಲಿ ಕುಸಿದ ಸೇತುವೆಯ ಜಾಗದಲ್ಲಿ ಹೊಸದನ್ನು 165 ದಿನಗಳಲ್ಲಿ ಕಟ್ಟಿ ಮುಗಿಸಿ, 2017ರ ಜೂನಿನಲ್ಲಿ ಸಂಚಾರಕ್ಕೆ ಬಿಟ್ಟರು. ಹಣವಿತ್ತು, ಜ್ಞಾನವಿತ್ತು, ಜನರೂ ಇದ್ದರು. ಹಳೆಯ ಸೇತುವೆಯ ಬುಡವನ್ನು ಮಳೆಗೆ ಮುನ್ನ ಯಾರಾದರೂ ನೀರಿಗಿಳಿದು ನೋಡಿದ್ದರೆ ಬೇಕಾಗುತ್ತಿದ್ದುದು ಒಂದೆರಡು ದಿನಗಳ ಕೆಲಸ ಮತ್ತು ರಸ್ತೆಗೆ ಅಡ್ಡಲಾಗಿ ಇಡುವ ಒಂದು ತಡೆಗಂಬ.